ಲಿಗೊರಿಸ್ ತಿರುಗಿಸಿದ ದಾರಿ

ಸ್ಕಲೋವೂನಿ ಎಂಬ ಬೆಟ್ಟದೂರಿನ ಮೇಲ್ಕೇರಿಯಲ್ಲಿ ಹದಿನೇಳು ಮನೆಗಳಿವೆ. ಹೊಗೆಯಾಡುವುದು ಒಂದರಲ್ಲಿ ಮಾತ್ರ. ಅದು ಲಿಗೊರಿಸನದು. ನಲವತ್ತು ವರ್ಷ ಹೇಸರಗತ್ತೆ ಹೊಡೆದು ಬದುಕಿದವನು ಅವನು. ತಾಯ್ಗೆತೋಸ್ ಬೆಟ್ಟದ ಈ ಮಗ್ಗುಲಲ್ಲಿ ಲಾರಿ ಹತ್ತದ ಕಡೆಗೆಲ್ಲ ಹಂಚು, ಸಿಮೆಂಟು, ಹಿಟ್ಟಿನ ಚೀಲಗಳನ್ನು ಮುಟ್ಟಿಸಿದ್ದು ಅವನೂ ಮಾವ್ರಾ ಎಂಬ ಅವನ ಕಪ್ಪು ಹೇಸರಗತ್ತೆಯೂ. ಬೆಟ್ಟದ ತುದಿಯಲ್ಲಿರುವ ಪ್ರವಾದಿ ಎಲಿಯಾಸನ ಗುಡಿಗೆ ಗಂಟೆ ಹೊತ್ತದ್ದೂ ಅವರೇ. ಲಿಗೊರಿಸ್ ಮದುವೆಯಾಗಲಿಲ್ಲ. ಏಕೆಂದು ಕೇಳಿದವರಿಗೆ, "ಮಾವ್ರಾ ಒಪ್ಪಲಿಲ್ಲ" ಎನ್ನುತ್ತಿದ್ದ.

ಬೆಟ್ಟದ ದಾರಿಗಳನ್ನು ಅವನಷ್ಟು ಬಲ್ಲವರಿಲ್ಲವೆಂದು ಕೆಳಗಿನ ಪಟ್ಟಣದ ಚಾರಣಿಗರ ಸಂಘದವರು ಒಂದು ಡಬ್ಬಿ ಕೆಂಪು ಬಣ್ಣವನ್ನೂ ಕುಂಚವನ್ನೂ ಅವನ ಕೈಗೆ ಕೊಟ್ಟಿದ್ದರು. ಪ್ರತಿವರ್ಷ ಹಿಮ ಕರಗಿದ ಮೇಲೆ ಬಂಡೆಗಳ ಮೇಲಿನ ಕೆಂಪು ಬೊಟ್ಟುಗಳಿಗೆ ಹೊಸ ಬಣ್ಣ ಹಚ್ಚುವುದು ಅವನ ಕೆಲಸ. ದೂರದೇಶಗಳಿಂದ ನಡೆಯಲು ಬರುವವರಿಗೆ ಆ ಬೊಟ್ಟುಗಳೇ ಆಧಾರ. ಬೊಟ್ಟು ಎತ್ತ ಕರೆದರೆ ಅತ್ತ ಹೋಗುತ್ತಾರೆ.

ಊರಿನ ಮೇಲಿರುವ ಬುಗ್ಗೆಯ ಬಳಿ ದಾರಿ ಕವಲೊಡೆಯುತ್ತದೆ. ಎಡಗಡೆಯದು ಮೊದಲಿನಿಂದ ಬಂದ ದಾರಿ. ಕಂದರದ ಅಂಚು ಹಿಡಿದು, ಹಾಳಾದ ನೀರಿನ ಗಿರಣಿಯ ಅಂಗಳ ದಾಟಿ ಮೇಲಕ್ಕೆ ಹೋಗುತ್ತದೆ. ಬಲಗಡೆಯ ಮೆಟ್ಟಿಲುಗಳು ಮೇಲ್ಕೇರಿಗೆ ಹತ್ತುತ್ತವೆ. ಎರಡೂ ಹಳೆಯ ಗೋಧಿ ಕಣದ ಬಳಿ ಮತ್ತೆ ಕೂಡುತ್ತವೆ. ಬಲಕ್ಕೆ ಹೋದರೆ ಅರ್ಧ ಗಂಟೆ ಹೆಚ್ಚು, ಏದುಸಿರು ಬೇರೆ.

ಮಾವ್ರಾ ಸತ್ತ ವರ್ಷ ಚಳಿಗಾಲ ಗಟ್ಟಿಯಾಗಿತ್ತು. ಹಿಮ ಸ್ವಲ್ಪ ಬಿಡುವು ಕೊಟ್ಟ ದಿನ ಲಿಗೊರಿಸ್ ಚೌಕದ ಕಾಫಿ ಅಂಗಡಿಗೆ ಇಳಿದು ಬಂದು ಕುಳಿತ. ಅಂಗಡಿಯ ಸರಾಂದೋಸ್, "ಹೇಗಿದ್ದೀಯೋ?" ಎಂದು ಕೇಳಿದ. ಉತ್ತರಿಸಲು ಬಾಯಿ ತೆರೆದರೆ ಲಿಗೊರಿಸನಿಗೆ ಸ್ವರವೇ ಹೊರಡಲಿಲ್ಲ.

"ಏನಯ್ಯಾ, ಗಂಟಲಲ್ಲಿ ಜೇಡ ಗೂಡು ಕಟ್ತಾ?" ಎಂದು ಸರಾಂದೋಸ್ ನಕ್ಕ. ಉಳಿದವರೂ ನಕ್ಕರು. ಲಿಗೊರಿಸ್ ಕೆಮ್ಮಿ ಗಂಟಲು ಸರಿಮಾಡಿಕೊಂಡ. ಮನೆಗೆ ಹತ್ತುವಾಗ ಮಾತ್ರ ಮನಸ್ಸಿನಲ್ಲೇ ಲೆಕ್ಕ ಹಾಕಿದ: ಮನುಷ್ಯರೊಡನೆ ಮಾತನಾಡಿ ಹನ್ನೊಂದು ದಿನಗಳಾಗಿದ್ದವು. ಮಾವ್ರಾ ಇದ್ದಾಗ ಇಂಥ ಲೆಕ್ಕ ಬೇಕಾಗಿರಲಿಲ್ಲ. ಅದನ್ನು ಬೈಯುವುದರಲ್ಲೇ ದಿನ ಕಳೆಯುತ್ತಿತ್ತು.

ಏಪ್ರಿಲ್ ತಿಂಗಳಲ್ಲಿ ಬಣ್ಣದ ಡಬ್ಬಿ ಹಿಡಿದು ಬುಗ್ಗೆಯ ಬಳಿ ಬಂದವನು ಬಹಳ ಹೊತ್ತು ನಿಂತ. ಆಮೇಲೆ ಬಲಗಡೆಯ ಮೊದಲ ಮೆಟ್ಟಿಲಿನ ಮಗ್ಗುಲಲ್ಲಿ, ಕೆಳಗಿನಿಂದ ಹತ್ತಿ ಬರುವವರಿಗಷ್ಟೇ ಕಾಣುವಂತೆ, ಒಂದು ಕೆಂಪು ಬೊಟ್ಟು ಇಟ್ಟ. ಮೇಲ್ಕೇರಿಯ ಗೋಡೆಗಳ ಮೇಲೆ, ತನ್ನ ಮನೆಯ ಬಾಗಿಲಿನ ಪಕ್ಕದ ಕಲ್ಲಿನ ಮೇಲೆ, ಅಲ್ಲಿಂದ ಕಣದವರೆಗೂ ಬೊಟ್ಟುಗಳನ್ನಿಟ್ಟುಕೊಂಡು ಹೋದ. ಮರುದಿನ ಸುಣ್ಣಕ್ಕೆ ಒಲೆಯ ಬೂದಿಯನ್ನೂ ಮೇಕೆಯ ಹಾಲನ್ನೂ ಕಲಸಿ, ಬಂಡೆಯ ಬಣ್ಣಕ್ಕೆ ಸರಿಹೊಂದುವಂತೆ ಹದಮಾಡಿ, ಎಡಗಡೆಯ ಬೊಟ್ಟುಗಳನ್ನೆಲ್ಲ ಮುಚ್ಚಿದ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದರೆ ಅವನಿಗೇ ಗುರುತು ಸಿಗಲಿಲ್ಲ. ಅರೆಬರೆ ಕೆಲಸ ಮಾಡಿ ಅವನಿಗೆ ಗೊತ್ತಿರಲಿಲ್ಲ.

ಗಿರಣಿಯಲ್ಲಿ ಪಗೋನಾ ಇದ್ದಾಳೆಂಬುದು ಅವನಿಗೆ ಮರೆತಿರಲಿಲ್ಲ. ಗಿರಣಿ ನಡೆಸುತ್ತಿದ್ದ ಗಂಡ ತೀರಿಕೊಂಡ ಮೇಲೆ ಅವಳೊಬ್ಬಳೇ ಅಲ್ಲಿ ಉಳಿದಿದ್ದಳು. ನಡೆಯುವವರು ಅವಳ ಅಂಗಳದಲ್ಲೇ ಕುಳಿತು ದಣಿವಾರಿಸಿಕೊಳ್ಳುತ್ತಿದ್ದರು. ಅವಳಿಗೇನು, ಕೋಳಿಗಳಿವೆ, ಭಾನುವಾರ ಕಲಮಾತಾ ನಗರದಿಂದ ತಂಗಿಯ ಫೋನ್ ಬರುತ್ತದೆ ಎಂದು ಲಿಗೊರಿಸ್ ತನಗೆ ತಾನೇ ಹೇಳಿಕೊಂಡ.

ಆ ಬೇಸಿಗೆ ಅವನ ಅಂಗಳಕ್ಕೆ ಜನ ಬಂದರು. ಬೆವರಿ, ಮುಖ ಕೆಂಪಗಾಗಿ ಹತ್ತಿ ಬಂದವರು ಅವನ ಕಲ್ಲುಕಟ್ಟೆಯನ್ನು ಕಂಡು ಕುಸಿದು ಕೂರುತ್ತಿದ್ದರು. ಅವನು ತಣ್ಣೀರನ್ನೂ ಸಕ್ಕರೆಪಾಕದಲ್ಲಿ ಹಾಕಿಟ್ಟ ಎಳೆ ಅಕ್ರೋಟನ್ನೂ ತಂದಿಡುತ್ತಿದ್ದ. ಅವರ ಮಾತು ಅವನಿಗೆ ತಿಳಿಯದು, ಅವನ ಮಾತು ಅವರಿಗೆ ತಿಳಿಯದು. ಒಬ್ಬ ತನ್ನ ನಾಯಿಯ ಫೋಟೋ ತೋರಿಸಿದ. ಲಿಗೊರಿಸ್ ಒಳಗೆ ಹೋಗಿ ಮಾವ್ರಾಳ ಫೋಟೋ ತಂದು ತೋರಿಸಿದ. ಇಬ್ಬರೂ ಬಹಳ ಹೊತ್ತು ತಲೆದೂಗಿದರು. ಐದು ನಿಮಿಷ, ಹತ್ತು ನಿಮಿಷ. ಆಮೇಲೆ ಅವರ ಊರುಗೋಲುಗಳ ಸದ್ದು ಕಣದ ಕಡೆಗೆ ಸರಿದು ಹೋಗುತ್ತಿತ್ತು. ಅವನು ಲೋಟಗಳನ್ನು ತೊಳೆದು, ಮತ್ತೆ ಕಟ್ಟೆಯ ಮೇಲೆ ಬೋರಲು ಹಾಕಿ ಕಾಯುತ್ತಿದ್ದ.

ಎರಡನೆಯ ಬೇಸಿಗೆಯೂ ಹಾಗೆಯೇ ಕಳೆಯಿತು. ಸೆಪ್ಟೆಂಬರಿನಲ್ಲಿ ಒಂದು ದಿನ ಪಗೋನಾ ಚೌಕದಲ್ಲಿ ಅವನನ್ನು ತಡೆದು ನಿಲ್ಲಿಸಿದಳು. ಕೈಯಲ್ಲಿ ಗಿಡ್ಡ ಪೊರಕೆಯಿತ್ತು.

"ಲಿಗೊರಿ, ನಿಲ್ಲೋ. ದಾರಿಯೋನು ನೀನೇ ಅಲ್ವಾ? ನಮ್ಮ ಕಡೆ ದಾರೀಲಿ ಮರಗಿರ ಬಿದ್ದಿದ್ಯಾ ನೋಡು. ಎರಡು ಬೇಸಿಗೆ ಆಯ್ತು, ಒಂದು ನರಪಿಳ್ಳೆ ಬಂದಿಲ್ಲ."

"ಮರ ಬಿದ್ದಿಲ್ಲ," ಎಂದ ಲಿಗೊರಿಸ್.

"ಮುಳ್ಳು ಬೆಳೆದು ಮುಚ್ಚೋಯ್ತೇನೋ ಅಂತ ಕತ್ತಿ ತಗೊಂಡು ಸವರಿದೆ. ದಿನಾ ಬೆಳಿಗ್ಗೆ ಬುಗ್ಗೆ ತನಕ ಕಲ್ಲು ಗುಡಿಸ್ತೀನಿ. ಆದರೂ ಯಾರೂ ಇಲ್ಲ."

"ಈ ವಯಸ್ಸಲ್ಲಿ ಅಷ್ಟು ದೂರ ಯಾಕೆ ಗುಡಿಸ್ತೀಯ?"

"ನಿನ್ನ ವಯಸ್ಸು ನೋಡ್ಕೋ ಮೊದಲು, ಹಲ್ಲಿಲ್ಲದೋನೆ!" ಎಂದವಳು ಥಟ್ಟನೆ ದನಿ ಇಳಿಸಿದಳು. "ಯಾರಿಗೂ ಹೇಳ್ಬೇಡ. ನನಗೆ ಕಣ್ಣು ಹೋಗ್ತಾ ಇದೆ ಕಣೋ."

"ಏನಂದೆ?"

"ನಿನ್ನ ಕೆಂಪು ಬೊಟ್ಟುಗಳು ನನಗೆ ಕಾಣ್ತಾನೇ ಇಲ್ಲ. ಎಲ್ಲೆಲ್ಲಿವೆ ಅಂತ ಗೊತ್ತು, ಹೋಗಿ ಮುಟ್ಟಿ ನೋಡ್ತೀನಿ, ಬರೀ ಕಲ್ಲು. ಕೆಂಪು ಬಣ್ಣ ಮೊದಲು ಹೋಗುತ್ತಂತೆ, ತಂಗಿ ಹೇಳಿದಳು. ಕೋಳಿ ಮಾರಿ ಬಾ, ಇಲ್ಲೇ ಇರು ಅಂತಿದಾಳೆ. ಈ ತಿಂಗಳ ಕೊನೆಗೆ ಹೊರಡ್ತೀನಿ."

ಲಿಗೊರಿಸ್ ಅವಳತ್ತ ನೋಡಿದ. ಅವಳ ತಲೆಗೆ ಕಟ್ಟಿದ ಬಟ್ಟೆಯ ಅಂಚಿನಲ್ಲಿ ಸಣ್ಣ ಕೆಂಪು ಹೂಗಳಿದ್ದವು. ಬೊಟ್ಟುಗಳ ಬಣ್ಣ ಮಾಸಿದೆ, ಹೊಸದಾಗಿ ಹಚ್ಚಿಕೊಡುತ್ತೇನೆ ಎಂದು ಹೇಳಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ನಾಲಿಗೆಯ ತುದಿಗೆ ಬಂದದ್ದೂ ಅದೇ. ಆದರೆ ಅವಳು ಒಂದೊಂದೇ ಬಂಡೆಯನ್ನು ಮುಟ್ಟಿ ನೋಡುತ್ತ ನಿಂತ ಚಿತ್ರ ಅವನ ಕಣ್ಣ ಮುಂದಿನಿಂದ ಹೋಗಲಿಲ್ಲ.

"ನಿನ್ನ ಕಣ್ಣು ನೆಟ್ಟಗಿವೆ, ಪಗೋನಾ. ಬೊಟ್ಟುಗಳೇ ಇಲ್ಲ. ನಾನೇ ಬೂದಿ ಬಳಿದು ಮುಚ್ಚಿದೆ. ದಾರೀನ ನನ್ನ ಮನೆ ಕಡೆ ತಿರುಗಿಸಿದೆ."

ಅವಳು ಮೊದಲು ತನ್ನ ಅಂಗೈಯನ್ನು ನೋಡಿಕೊಂಡಳು, ಆಮೇಲೆ ಅವನನ್ನು.

"ಯಾಕೋ?"

"ಮಾತಾಡೋಕೆ ಯಾರೂ ಇರಲಿಲ್ಲ."

"ನನಗಿದ್ರಾ?" ಎಂದಳು ಪಗೋನಾ.

ಪೊರಕೆಯ ಹಿಡಿಯಿಂದ ಅವನ ಎದೆಗೆ ತಿವಿದಳು.

"ನಿನ್ನ ಹೇಸರಗತ್ತೆಗೆ ನಿನಗಿಂತ ಮರ್ಯಾದೆ ಇತ್ತು. ಹೋಗು, ಡಬ್ಬಿ ತಗೊಂಡು ಬಾ. ನನ್ನ ಕಣ್ಣೆದುರಿಗೆ ಹಚ್ಚು."

ಆ ಮಧ್ಯಾಹ್ನ ಲಿಗೊರಿಸ್ ತಂತಿಯ ಬ್ರಷ್ಷಿನಿಂದ ಬೂದಿಸುಣ್ಣವನ್ನು ಉಜ್ಜಿ ತೆಗೆದು, ಒಂದೊಂದೇ ಬಂಡೆಗೆ ಬಣ್ಣ ಹಚ್ಚಿದ. ಪಗೋನಾ ಪೊರಕೆ ಹಿಡಿದು ಹಿಂದೆಯೇ ನಡೆದಳು. "ಇನ್ನೂ ದೊಡ್ಡದು," ಎನ್ನುವುದನ್ನು ಬಿಟ್ಟು ಬೇರೆ ಮಾತಾಡಲಿಲ್ಲ. ಗಿರಣಿಯ ಅಂಗಳಕ್ಕೆ ಬಂದಾಗ ಒಂದು ಲೋಟ ನೀರು ಕೂಡ ಕೊಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವನು ಕಣದವರೆಗೆ ಒಬ್ಬನೇ ಹೋಗಿ ಕೆಲಸ ಮುಗಿಸಿದ. ಮೇಲ್ಕೇರಿಯ ಬೊಟ್ಟುಗಳನ್ನು ಅಳಿಸುತ್ತ ಇಳಿದು ಬಂದವನು ತನ್ನ ಬಾಗಿಲಿನ ಪಕ್ಕದ್ದನ್ನು ಮಾತ್ರ ಹಾಗೆಯೇ ಬಿಟ್ಟ. ಹಿಂದೆ ಮುಂದೆ ಇನ್ನೊಂದಿಲ್ಲದ ಮೇಲೆ ಅದು ಯಾರನ್ನೂ ಕರೆಯಲಾರದು.

ಮರುದಿನ ಬುಗ್ಗೆಯ ಬಳಿ ಕೋಲುಗಳ ಸದ್ದು ಕೇಳಿತು. ಎಡಕ್ಕೆ ತಿರುಗಿ ಸಣ್ಣಗಾಯಿತು. ಲಿಗೊರಿಸ್ ಲೋಟಗಳನ್ನು ಒಳಗೆ ತೆಗೆದಿಟ್ಟ. ಸಂಜೆ ನಾಲ್ಕರ ಹೊತ್ತಿಗೆ ಕೆಳಗೆ ಕಂದರದಂಚಿನ ಗಿರಣಿಯಿಂದ ಗಟ್ಟಿಯಾದ ಕೂಗು ಬಂತು.

"ಲಿಗೊರೀ! ಇವತ್ತು ನಾಲ್ಕು ಜನ ಬಂದಿದ್ರು! ಕೇಳಿಸ್ತಾ?"

ಕೇಳಿಸಿತ್ತು. ಅವನು ಅಂಗಳದ ಗೋಡೆಯ ಮರೆಗೆ ಸರಿದ. ಮರುದಿನ ಅದೇ ಹೊತ್ತಿಗೆ, "ಇವತ್ತು ಆರು! ನನ್ನ ಪ್ಲಮ್ ಎಲ್ಲಾ ಖಾಲಿ! ಹೊಟ್ಟೆ ಉರ್ಕೋ!" ಎಂಬ ಕೂಗು. ಅವನಿಗೆ ಉರಿಯಿತು. ಆದರೂ ಅದರ ಮರುದಿನ ಮೂರೂವರೆಗೇ ಹೋಗಿ ಗೋಡೆಯ ಬಳಿ ನಿಂತಿದ್ದ. ತಿಂಗಳ ಕೊನೆ ಬಂತು, ಹೋಯಿತು. ಪಗೋನಾ ಕಲಮಾತಾಕ್ಕೆ ಹೊರಡಲಿಲ್ಲ. ಅಕ್ಟೋಬರ್ ಇಡೀ ಅವಳು ಕೂಗಿದಳು. ಅವನು ಒಮ್ಮೆಯೂ ಓಗೊಡಲಿಲ್ಲ.

ನವೆಂಬರಿನಲ್ಲಿ ತುದಿಗೆ ಹಿಮ ಬಿತ್ತು. ನಡೆಯುವವರು ಬರುವುದು ನಿಂತಿತು. ಲಿಗೊರಿಸ್ ರೂಢಿಯಂತೆ ಗೋಡೆಯ ಬಳಿ ಬಂದು ನಿಂತ. ನಾಲ್ಕು ಗಂಟೆಯಾಯಿತು. ಕಂದರದಲ್ಲಿ ನೀರಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಕೈ ಜೋಮು ಹಿಡಿಯುವವರೆಗೆ ಕಾದು ಒಳಗೆ ಹೋಗಲು ತಿರುಗಿದ.

"ಲಿಗೊರೀ!"

ಅವನು ನಿಂತ.

"ಇವತ್ತು ಯಾರೂ ಇಲ್ಲ!"

ಲಿಗೊರಿಸ್ ಕೆಮ್ಮಿ ಗಂಟಲು ಸರಿಮಾಡಿಕೊಂಡ. ಗೋಡೆಯ ಮೇಲೆ ಎರಡೂ ಕೈಯೂರಿ, ಬಾಗಿ, ಇದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದ.

"ಇಲ್ಲೂ ಇಲ್ಲ!"