ಮೂರು ಖಣ

ಕುಂಭಾರಿಯ ನಮ್ಮ ಮನೆಯಲ್ಲಿ ಮಧ್ಯಾಹ್ನ ಅಡ್ಡಾದರೆ ಎಲ್ಲಿದ್ದೇನೆಂಬುದೇ ನನಗೆ ಅರೆಗಳಿಗೆ ಮರೆತುಹೋಗುತ್ತದೆ. ಮಾಳಿಗೆಯ ಬೆಳಕಿಂಡಿಯಿಂದ ಇಳಿದ ಬಿಸಿಲು ಒಂದು ಕಂಬ ಬಿಟ್ಟು ಇನ್ನೊಂದಕ್ಕೆ ನಿಧಾನ ಸರಿಯುತ್ತದೆ. ಅದರಲ್ಲಿ ಧೂಳು ತೇಲುತ್ತದೆ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಮೊಳದಷ್ಟು ಮಣ್ಣು. ಒಂದು ಮೊಳೆಯೂ ಇಲ್ಲ, ಎಲ್ಲ ಮರದ ಬೆಣೆಗಳೇ. ನೋಡುತ್ತ ನೋಡುತ್ತ ಕಣ್ಣು ಮುಚ್ಚುತ್ತವೆ.

ಹೀಗೆ ಬರೆಯುವ ನಾನೇ ಈ ಮನೆ ಕೆಡವಲು ಹಟ ಹಿಡಿದವಳು! ಸೊಲ್ಲಾಪುರದ ಸ್ಲ್ಯಾಬಿನ ಮನೆಯಲ್ಲಿ ಬೆಳೆದವಳಿಗೆ ಸಾರಿನೊಳಗೆ ಮಣ್ಣು ಉದುರಿದಾಗಲೆಲ್ಲ ತಲೆ ಕೆಡುತ್ತಿತ್ತು. ಒಂದು ಮಳೆಗಾಲ ಮೂರು ಅಂಕಣಗಳ ಕಂಬಗಳಿಗೆ ಹುಳ ಬಿದ್ದು ತೊಲೆ ಜಗ್ಗಿತು. ಅಂಕಣವೆಂದರೆ ಕಂಬಗಳ ನಡುವಿನ ಜಾಗ. ಅತ್ತೆಯ ಲೆಕ್ಕವೆಲ್ಲ ಅದರಲ್ಲೇ: ಮಗನನ್ನು ಹೆತ್ತದ್ದು ಮೂರನೇ ಅಂಕಣ, ಜೋಳದ ಚೀಲ ಐದನೇ ಅಂಕಣ. ಅವರಿಗೆ ಮನೆ ಉಳಿಯಬೇಕು, ನನಗೆ ಸ್ಲ್ಯಾಬ್ ಬೇಕು. ನಡುವೆ ಸಿಕ್ಕ ಗಂಡ ಕೈ ಎತ್ತಿಬಿಟ್ಟರು: "ಇಬ್ರೂ ಒಂದ್ ಮಾತಿಗಿ ಬರ್ರಿ. ಅಲ್ಲೀತನಕಾ ನಾ ಏನೂ ಮಾಡಂಗಿಲ್ಲ."

ನಾನು ತವರಿಗೆ ಹೋದಾಗ ಅತ್ತೆಯ ಫೋನು ಬಂತು. "ಬಡಿಗ್ಯಾ ಬಂದಾನವಾ. ಮೂರ್ ಖಣ ಆಗಬೇಕಂತಾನ. ನಾಳಿ ಲಗೂನ ಬಾ."

ಮರಾಠಿಯಲ್ಲಿ ಅಂಕಣಕ್ಕೂ ಖಣ, ರವಿಕೆ ಬಟ್ಟೆಗೂ ಖಣ. ಮರಾಠಿ ಸಾಲೆ ಕಲಿತ ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ, ನನಗೆ ಹೊಳೆದದ್ದು ಬಟ್ಟೆಯೊಂದೇ. ಬಡಿಗನ ಹೆಂಡತಿ ಮಕ್ಕಳಿಗೆ ಇರಬೇಕೆಂದು ಕೆಂಪು, ಹಸಿರು, ನೀಲಿ ಆರಿಸಿ ಒಯ್ದೆ.

ಚೀಲದಿಂದ ಅವನ್ನು ತೆಗೆದದ್ದೇ ತಡ, ಬಡಿಗ ಕೈ ಮುಗಿದ. ಹೊಸ ಕಂಬ ನಿಲ್ಲಿಸುವ ಮುಂಚೆ ಮನೆಯ ಹೆಂಗಸು ಅದಕ್ಕೊಂದು ಖಣ ಕಟ್ಟುವುದು ಇಲ್ಲಿಯ ಪದ್ಧತಿಯಂತೆ. "ಸೊಸಿನೇ ಖಣ ತಂದ್ಳಂದ್ರ ಮುಗೀತಲ್ರಿ! ಕೆಲಸ ಸುರು ಮಾಡತೀನಿ."

"ಒಪ್ಪಿದೇನ ನೀ?" ಎಂದರು ಗಂಡ, ಕಣ್ಣು ಬಿಟ್ಟುಕೊಂಡು.

ಅಯ್ಯ, ಇಲ್ಲ ಎನ್ನಲು ಬಾಯಿ ತೆರೆದೆ. ಅತ್ತೆ ಹಸಿರು ಖಣವನ್ನು ಗಲ್ಲಕ್ಕೊತ್ತಿಕೊಂಡು ನಿಂತಿದ್ದರು. ಕಣ್ಣು ತುಂಬಿದ್ದವು. ನನಗೆ ಆಗಲಿಲ್ಲ. "ಹ್ಞೂಂ" ಎಂದೆ, ಸಿಟ್ಟಿಗೆ ಮಾತ್ರ ವಾರವಿಡೀ ಪಾತ್ರೆ ಕುಕ್ಕುತ್ತಿದ್ದೆ.

ಬಡಿಗ ಮಾಳಿಗೆಗೆ ಆನಿಕೆ ಕೊಟ್ಟು ಹುಳ ತಿಂದ ಕಂಬ ಬಿಡಿಸಿದ. "ಗೋಡಿ ತೆಗದ್ ಹೊಲಕ್ಕ ಒಗೀರಿ, ಮನಿ ನಿಂತಿರ್ತದ. ಭಾರ ಎಲ್ಲಾ ಕಟಗಿ ಮ್ಯಾಲ" ಎಂದು ಹೊಸ ಬೆಣೆ ಬಡಿದ. ಆ ಟಕ್ ಟಕ್ ಸದ್ದಿಗೇ ನನಗೆ ಮಧ್ಯಾಹ್ನದ ನಿದ್ದೆ ರೂಢಿಯಾಯಿತು.

ಮೊನ್ನೆ ಹಾಗೇ ಜೊಂಪಿನಲ್ಲಿದ್ದೆ. ಪಕ್ಕದಲ್ಲಿ ಜೋಳ ಹಸನು ಮಾಡುತ್ತಿದ್ದ ಅತ್ತೆ, "ಬಿಸಲ ನಾಕನೇ ಅಂಕಣಕ್ಕ ಬಂತು, ಚಾ ಇಡವಾ" ಎಂದರು. ಥಟ್ಟನೆ ಎದ್ದು ಕುಳಿತೆ. ಇಷ್ಟು ವರ್ಷದಲ್ಲಿ ಅವರು ಅಂಕಣವನ್ನು ಖಣ ಎಂದದ್ದು ಆ ಒಂದೇ ಸಲ.

"ಅತ್ತೀ, ಅವತ್ತ ಫೋನಿನ್ಯಾಗ ಅಂಕಣ ಅಂತ ಯಾಕ ಅನಲಿಲ್ಲ ನೀವು?"

ಅವರು ಮೊರದಿಂದ ತಲೆ ಎತ್ತಲಿಲ್ಲ.

"ಅಂದಿದ್ದರ ನೀ ಬಟ್ಟಿ ತರತಿದ್ದೇನು?"