ವರ್ನಾ ಕೊಟ್ಟ ಟವೆಲ್

ಬೂಟು, ಕೈಗವಸು, ಹುಲ್ಲಿನ ಟೋಪಿ. ವರ್ನಾ ಟೋಲೆಫ್ಸನ್ ಅವರ ಮೈಮೇಲಿರುವುದು ಇಷ್ಟೇ. ವಿಲಾಮೆಟ್ ನದಿಯ ಕಲ್ಲುದಂಡೆಗೆ ಈಗಷ್ಟೇ ಬಿಸಿಲು ಬಿದ್ದಿದೆ. ನಾನು ಸ್ವೆಟರಿನೊಳಗೇ ನಡುಗುತ್ತಿದ್ದೇನೆ. ಅರವತ್ತೆಂಟರ ಈ ಹೆಂಗಸಿಗೆ ಚಳಿಯ ಪರಿವೆಯೇ ಇಲ್ಲ. ಬಗ್ಗಿ ಬಗ್ಗಿ ಗಾಜಿನ ಚೂರು ಹೆಕ್ಕಿ ಬಕೆಟ್ಟಿಗೆ ಹಾಕುತ್ತಿದ್ದಾರೆ. ಹೊತ್ತು ಏರಿದರೆ ಈ ಕೆಲಸ ಆಗುವುದಿಲ್ಲ. ಬಿಸಿಲು ಓರೆಯಾಗಿದ್ದಾಗ ಮಾತ್ರ ಗಾಜು ಮಿಂಚುತ್ತದೆ.

ನಾಳೆಯಿಂದ ಒಂದು ವರ್ಷ ಅವರು ಈ ದಂಡೆಗೆ ಕಾಲಿಡುವಂತಿಲ್ಲ. ಉದ್ಯಾನ ಇಲಾಖೆಯ ಆಜ್ಞೆ. ಯಾಕೆ ಅಂತ ಕೇಳಿದರೆ ನಿಮಗೂ ನನ್ನ ಹಾಗೆ ಮೈ ಉರಿಯುತ್ತದೆ.

ಊರಿನಿಂದ ಬರುವ ಕಾಲುದಾರಿ ಆಲ್ಡರ್ ಮರಗಳ ಸಾಲು ದಾಟಿ ಇಲ್ಲಿಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಜನ ಇಲ್ಲಿ ಬಟ್ಟೆ ಬಿಚ್ಚಿಟ್ಟು ಈಜುತ್ತಾರೆ, ಪುಸ್ತಕ ಓದುತ್ತಾರೆ, ನಿದ್ದೆ ಹೊಡೆಯುತ್ತಾರೆ. ಬೋರ್ಡಿಲ್ಲ, ಅನುಮತಿಯಿಲ್ಲ, ಅಡ್ಡಿಯೂ ಇಲ್ಲ. ಇಷ್ಟು ವರ್ಷ ಇಲಾಖೆ ನೋಡಿಯೂ ನೋಡದ ಹಾಗೆ ಇತ್ತು. ನಾನೂ ಬರುತ್ತೇನೆ, ಧಾರವಾಡದಲ್ಲಿರುವ ನಮ್ಮವ್ವನಿಗೆ ಮಾತ್ರ ಯಾರೂ ಹೇಳಬೇಡಿ. ಇಲ್ಲಿ ಬರುವವರಿಗೆ ಟವೆಲ್ ಕಡ್ಡಾಯ. ಕೂರುವಾಗ ಕೆಳಗೆ ಹಾಸಬೇಕು. ಬಟ್ಟೆ ತೊಟ್ಟ ಅಪರಿಚಿತರು ಹತ್ತಿರ ಬಂದರೆ ಸುತ್ತಿಕೊಳ್ಳಬೇಕು. ಟವೆಲ್ ಇಲ್ಲದೆ ಬಂದವರನ್ನು ವರ್ನಾ ಅವರೇ ಗದರಿಸಿ ವಾಪಸು ಕಳಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ.

"ಏನಮ್ಮಾ, ಬೂಟು ಟೋಪಿ ಎಲ್ಲಾ ಹಾಕ್ಕೊಂಡು ಸಿಂಗಾರ ಜೋರಾಗಿದೆ, ಯಾರ ಮದುವೆ?" ಅಂತ ನೀರಿನಿಂದಲೇ ಕೂಗುತ್ತಾರೆ ಮರ್ಲ್. ಬಸ್ ಮೆಕ್ಯಾನಿಕ್ ಆಗಿದ್ದವರು, ಈಗ ನಿವೃತ್ತರು.

"ನಿಂದೇ ಕಣೋ. ಹೆಣ್ಣೊಂದು ಸಿಕ್ಕಿಲ್ಲ, ಅಷ್ಟೇ!"

ವರ್ನಾ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಜೀವಮಾನವಿಡೀ ಹಾಸಿಗೆ ಬಟ್ಟೆ ಒಗೆದವರು. ಕ್ಯಾನ್ಸರಿಗೆ ಎಡಗಡೆಯ ಮೊಲೆ ತೆಗೆದ ಮೇಲೆ ಈಜುಕೊಳಕ್ಕೆ ಹೋದರೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಹೆಂಗಸರು ಮುಖ ತಿರುಗಿಸುತ್ತಿದ್ದರಂತೆ. "ಪಾಪ ಅನ್ನೋ ಮುಖ ನೋಡೋಕಿಂತ ಆ ಆಪರೇಷನ್ನೇ ವಾಸಿ ಅನ್ಸೋದು. ಇಲ್ಲಿಗೆ ಬಂದೆ. ಮರ್ಲ್ ನನ್ನ ಒಂದ್ಸಲ ನೋಡ್ದ, ಕಾಫಿ ಕುಡೀತೀಯಾ ಅಂದ. ಅಷ್ಟೇ. ಅವತ್ತು ಮನೆಗೆ ಹೋಗಿ ಹೊಟ್ಟೆ ತುಂಬಾ ಉಂಡೆ."

ಅಂದಿನಿಂದ ಈ ದಂಡೆ ಅವರದು. ಇಲ್ಲಿ ಎಲ್ಲರೂ ಬರಿಗಾಲಲ್ಲಿ ಓಡಾಡುವವರು, ಬರಿಮೈಯಲ್ಲಿ ಮಲಗುವವರು. ಗಾಜು ಅಂದರೆ ಇವರಿಗೆ ಹಾವಿಗಿಂತ ಹೆಚ್ಚಿನ ಭಯ. ಗಾಜು ಎಸೆಯುವವರು ಮಾತ್ರ ಬೇರೆ ಜನ. ಶನಿವಾರ ಭಾನುವಾರ ಮೇಲಿನಿಂದ ರಬ್ಬರ್ ಟ್ಯೂಬುಗಳಲ್ಲಿ ತೇಲಿಬರುವ ಹುಡುಗರು ಬಿಯರ್ ಕುಡಿದು, ಬಂಡೆಗೆ ಬಾಟಲಿ ಹೊಡೆದು, ಕೇಕೆ ಹಾಕಿ ಹೋಗುತ್ತಾರೆ. ಅವರೆಲ್ಲ ಚಡ್ಡಿ ತೊಟ್ಟವರು ಸ್ವಾಮಿ, ಮರ್ಯಾದಸ್ಥರು! ಕಸ ಕಂಡರೆ ಇಲಾಖೆಗೆ ನೆನಪಾಗುವುದು ಮಾತ್ರ ಬತ್ತಲೆ ಜನ.

ಕಳೆದ ತಿಂಗಳು ಅಂಥದ್ದೇ ಗುಂಪಿನ ಒಬ್ಬ ತನ್ನ ಗೆಳೆಯರೇ ಒಡೆದ ಬಾಟಲಿಯ ಮೇಲೆ ಕಾಲಿಟ್ಟ. ಪಾದ ಸೀಳಿಹೋಯಿತು. ಗೆಳೆಯರು ರಕ್ತ ಕಂಡು ಹಿಂದೆ ಸರಿದರು. ಒಬ್ಬ ವಾಂತಿ ಮಾಡಿಕೊಂಡ. ಓಡಿಹೋದವರು ವರ್ನಾ. ಮೈಗೆ ಸುತ್ತಿಕೊಳ್ಳಲು ಕೈಯಲ್ಲಿ ಹಿಡಿದಿದ್ದ ಟವೆಲನ್ನೇ ಅವನ ಪಾದಕ್ಕೆ ಬಿಗಿದು, ಕಾಲನ್ನು ತಮ್ಮ ತೊಡೆಯ ಮೇಲೆತ್ತಿ ಒತ್ತಿ ಹಿಡಿದರು. ಆಂಬುಲೆನ್ಸ್ ಬರುವವರೆಗೂ ಹಿಡಿದೇ ಇದ್ದರು.

"ಪಾಪ, ಅಮ್ಮಾ ಅಮ್ಮಾ ಅಂತಿದ್ದ," ಅನ್ನುತ್ತಾರೆ ವರ್ನಾ. "ಇಷ್ಟುದ್ದ ಬೆಳೆದಿದಾನೆ, ಇಪ್ಪತ್ತೈದು ದಾಟಿರ್ಬೇಕು. ಸುಮ್ನಿರಪ್ಪ ರಾಜಾ, ಏನೂ ಆಗಲ್ಲ ಅಂದೆ."

ಆ ರಾಜ ಮನೆಗೆ ಹೋಗಿ ಕಾಲಿಗೆ ಹೊಲಿಗೆ ಬಿದ್ದದ್ದನ್ನು ಹೇಳಿದ. ಅವನ ಮನೆಯವರು ಇಲಾಖೆಗೆ ದೂರು ಕೊಟ್ಟರು. ಬಾಟಲಿಯ ಮೇಲಲ್ಲ. ಬತ್ತಲೆ ಮುದುಕಿಯೊಬ್ಬಳು ತಮ್ಮ ಮಗನನ್ನು ಮುಟ್ಟಿದಳು ಅಂತ! ಥೂ, ಇವರ ಮನೆ ಕಾಯೋಗ. ಅವನ ರಕ್ತ ನಿಲ್ಲಿಸಿದ ಕೈ ಅದು.

ಪತ್ರಿಕೆಗೆ ಬರೆಯುವ ನಾನೂ ವಿಚಾರಣೆಗೆ ಹೋಗಿದ್ದೆ. ವರ್ನಾ ಇಸ್ತ್ರಿ ಮಾಡಿದ ನೀಲಿ ಫ್ರಾಕ್ ತೊಟ್ಟು, ಕೈ ಕಟ್ಟಿ ಕೂತಿದ್ದರು. ಅಧಿಕಾರಿ ಕೇಳಿದ, "ಬಟ್ಟೆ ತೊಟ್ಟವರ ಹತ್ತಿರ ಹೋಗೋವಾಗ ಟವೆಲ್ ಸುತ್ಕೋಬೇಕು ಅಂತ ನಿಮ್ಮಲ್ಲೇ ಪದ್ಧತಿ ಇದೆಯಂತಲ್ಲ ಮೇಡಂ, ಯಾಕೆ ಸುತ್ಕೊಳ್ಳಲಿಲ್ಲ?"

"ಟವೆಲ್ ಅವನ ಕಾಲಲ್ಲಿತ್ತಲ್ಲ ಸಾರ್."

ಹಿಂದಿನ ಸಾಲಿನಲ್ಲಿ ಊರುಗೋಲು ಹಿಡಿದು ಕೂತಿದ್ದ ಆ ಹುಡುಗ ತಲೆ ತಗ್ಗಿಸಿದ. ಒಂದು ಮಾತು, ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ಅಧಿಕಾರಿ, ದೂರು ಬಂದಿರುವುದರಿಂದ ತನ್ನ ಕೈಯಲ್ಲಿ ಏನೂ ಇಲ್ಲ ಅಂದ. ಇವರ ಕೈಯಲ್ಲಿ ಯಾವತ್ತು ಏನಿತ್ತು? ದಂಡೆಯ ಗಾಜು ಕೂಡ ಇವರ ಕೈಗೆ ಬಂದದ್ದಿಲ್ಲ.

ಈ ಹೊತ್ತು ಬಕೆಟ್ಟು ಅರ್ಧ ತುಂಬಿದೆ. ಮರ್ಲ್ ನೀರಿನಿಂದ ಮೇಲೆ ಬಂದು, ಟವೆಲ್ ಹಾಸಿ ಕೂತು, ಥರ್ಮಾಸಿನಿಂದ ಕಾಫಿ ಬಗ್ಗಿಸುತ್ತಾರೆ. ನಾಳೆಯಿಂದ ಬಕೆಟ್ಟು ತಾನು ಹಿಡಿಯುತ್ತೇನೆ ಅನ್ನುತ್ತಾರೆ.

"ನಿನ್ನ ಕಣ್ಣಿಗೆ ಆನೆ ಕಂಡ್ರೆ ಹೆಚ್ಚು," ಅನ್ನುತ್ತಾ ವರ್ನಾ ಬೂಟು ಬಿಚ್ಚಿ ಅವರ ಮುಂದಿಡುತ್ತಾರೆ. "ಇದು ಹಾಕ್ಕೋ. ಬಂಡೆ ಹಿಂದ್ಗಡೆ ಬಗ್ಗಿ ನೋಡ್ಬೇಕು, ನಿಂತ್ರೆ ಕಾಣಲ್ಲ." ಆಮೇಲೆ ಬರಿಗಾಲಲ್ಲಿ, ತಾವೇ ಹಸನು ಮಾಡಿದ ದಂಡೆಯ ಮೇಲೆ, ನೆಲ ನೋಡದೆ ನೀರಿನವರೆಗೆ ನಡೆಯುತ್ತಾರೆ.

ಸಿಟ್ಟು ಬರಲಿಲ್ಲವೇ, ಆ ಹುಡುಗ ಕ್ಷಮೆ ಕೇಳಬೇಕು ಅನಿಸುವುದಿಲ್ಲವೇ ಅಂತ ನಾನು ಕೇಳುತ್ತೇನೆ.

"ಸಿಟ್ಟು ಬರ್ದೆ ಏನು? ರಾತ್ರಿಯೆಲ್ಲಾ ಅತ್ತಿದೀನಿ. ಆದ್ರೆ ಕ್ಷಮೆ ಇಟ್ಕೊಂಡು ನಾನೇನ್ ಮಾಡ್ಲಿ? ನನ್ನ ಟವೆಲ್ ವಾಪಸ್ ಕೊಡ್ಲಿ, ಹಳದಿದು, ಒಳ್ಳೇ ಟವೆಲ್. ನಿಮ್ಮ ಪೇಪರ್‌ನಲ್ಲಿ ಬರೀರಿ, ಬಿಸಿನೀರಿಗೆ ಹಾಕ್ಬೇಡ ಅಂತ. ತಣ್ಣೀರಲ್ಲಿ ನೆನೆಸ್ಬೇಕು. ಬಿಸಿನೀರು ಬಿದ್ರೆ ರಕ್ತದ ಕಲೆ ಹೋಗಲ್ಲ."