ಶೀನನ ಪೆಟ್ರೋಲು

ಶೀನಣ್ಣ, ನಾರಾವಿಯ ಎಸ್ಟೇಟಿನ ಆ ಗಾಡಿಯ ಕಾರ್ಬುರೇಟರ್ ಕೆಡಿಸಿದ್ದು ನಾನು. ನೀವು ತಂದ ಪೆಟ್ರೋಲಿನಲ್ಲಿ ಒಂದು ಹನಿ ಕಲಬೆರಕೆ ಇರಲಿಲ್ಲ. ಅದು ಗೊತ್ತಿದ್ದೂ ನಿಮ್ಮ ಮೇಲೆ ಹಾಕಿದೆ.

ನಾವಿಬ್ಬರೂ ಮಾತಾಡಿದ್ದು ಯಾವಾಗಲೂ ತುಳುವಿನಲ್ಲಿ. ಆದರೂ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ತುಳುವಿನಲ್ಲಿ ಬಾಯಿ ಬಿಟ್ಟರೆ ನನಗೆ ಮೊದಲು ಬರುವುದು ಜಗಳ. ಶಾಲೆಯಲ್ಲಿ ಕಲಿತ ಕನ್ನಡದಲ್ಲಾದರೆ ಒಂದೊಂದು ಶಬ್ದ ಹುಡುಕಿ ಇಡಬೇಕು — ಸುಳ್ಳು ಅಷ್ಟು ಸುಲಭಕ್ಕೆ ನುಗ್ಗುವುದಿಲ್ಲ.

ಈ ಕಾಗದ ಬೇರೆಯವರ ಕೈಗೆ ಸಿಕ್ಕಿದರೂ ಅಡ್ಡಿಯಿಲ್ಲ, ಅವರೂ ಓದಲಿ. ನಾನು ವಿಮಲ. ಮೂಡುಬಿದಿರೆ ಹತ್ತಿರ ಪುತ್ತಿಗೆಯಲ್ಲಿ ನನ್ನ ಗ್ಯಾರೇಜು. ಮೊದಲು ಅಪ್ಪನದಾಗಿತ್ತು, ಅವರ ಕಣ್ಣು ಮಂಜಾದ ಮೇಲೆ ನನ್ನದಾಯಿತು. ಬಂದವರೆಲ್ಲ ಮೊದಲು ಕೇಳುತ್ತಿದ್ದದ್ದು, ಗಂಡಸರು ಯಾರೂ ಇಲ್ವಾ ಅಂತ. ಇದ್ದಾರೆ, ಒಳಗೆ ರೇಡಿಯೋ ಕೇಳ್ತಾ ಕೂತಿದ್ದಾರೆ, ಕಣ್ಣು ಕಾಣುವುದಿಲ್ಲ, ನಿಮ್ಮ ಗಾಡಿ ಅವರಿಗೇ ಕೊಡ್ತೇನೆ ಆಗ್ಬಹುದಾ ಅಂತ ನಾನು ಕೇಳುತ್ತಿದ್ದೆ. ಬಾಯಿ ಜೋರು ಅಂತ ಹೆಸರು ಬಂತು. ಬರಲಿ. ಕಾರ್ಬುರೇಟರ್ ವಿಷಯದಲ್ಲಿ ಇವಳನ್ನು ಮೀರಿಸುವವರಿಲ್ಲ ಅಂತಲೂ ಹೆಸರು ಬಂತಲ್ಲ. ಆ ಹೆಸರನ್ನು ನಾನು ಯಾರಿಂದಲೂ ಬೇಡಿ ಪಡೆದದ್ದಲ್ಲ.

ಆ ಹೆಸರು ಕೇಳಿಯೇ ಎಸ್ಟೇಟಿನ ಜಯರಾಮಣ್ಣ ನನ್ನನ್ನು ಕರೆಸಿದ್ದು. ಅವರು ಮಸ್ಕತ್ತಿನಿಂದ ಬಂದು ರಬ್ಬರ್ ತೋಟ ನೋಡಿಕೊಳ್ಳತೊಡಗಿದಾಗ, ಕಡಲತೀರದ ಯಾವುದೋ ರೆಸಾರ್ಟಿನವರು ಮಾರಿದ ಹಳೇ ಎಟಿವಿಯೊಂದನ್ನು ತಂದಿದ್ದರು. ನೀವು ಅದನ್ನು 'ನಾಲ್ಕು ಕಾಲಿನ ಬೈಕು' ಅನ್ನುತ್ತಿದ್ದಿರಿ. ಕೆಳಗಿನ ತೋಟದಿಂದ ರಬ್ಬರ್ ಹಾಲಿನ ಕ್ಯಾನುಗಳನ್ನು ಹೇರಿಕೊಂಡು, ಆ ಕಡಿದಾದ ದಾರಿಯಲ್ಲಿ ಮೇಲಿನ ಶೆಡ್ಡಿಗೆ ತರುವುದು ನಿಮ್ಮ ಕೆಲಸ. ಅದನ್ನು ನಿಮ್ಮ ಹಾಗೆ ಓಡಿಸುವವರು ಅಲ್ಲಿ ಇನ್ನೊಬ್ಬರಿರಲಿಲ್ಲ.

ಮಳೆಗಾಲವಿಡೀ ನಿಂತಿದ್ದ ಗಾಡಿ. ಚೋಕ್ ಎಳೆದರೆ ಸ್ಟಾರ್ಟ್ ಆಗುತ್ತದೆ, ರೇಸ್ ಕೊಟ್ಟರೆ ಸಾಯುತ್ತದೆ. ಇದು ಹಳೇ ಕಾರ್ಬುರೇಟರಿನ ಸಾಮಾನ್ಯ ಕಾಯಿಲೆ — ಉಳಿದ ಪೆಟ್ರೋಲು ಆರಿ ಅಂಟಾಗಿ, ಪೆಟ್ರೋಲು ಹಾಯುವ ಜೆಟ್ಟಿನ ಸಣ್ಣ ತೂತು ಕಟ್ಟಿಕೊಂಡಿರುತ್ತದೆ. ಬಿಚ್ಚಿ ತೊಳೆದೆ. ಪೆಟ್ರೋಲನ್ನು ತಡೆದು ಬಿಡುವ ಫ್ಲೋಟಿನ ಸೂಜಿ ಸವೆದಿತ್ತು, ಹೊಸತು ತರಿಸಬೇಕಿತ್ತು. ಟ್ಯಾಂಕಿನ ತಳದಲ್ಲಿ ತುಕ್ಕು ಬೇರೆ, ಅದನ್ನೂ ತೊಳೆಯಬೇಕಿತ್ತು. ನೀವು ಹಿಂದಿನ ದಿನವಷ್ಟೇ ತುಂಬಿಸಿದ ಪೆಟ್ರೋಲನ್ನು ಇಳಿಸಲು ಒಂದು ಕ್ಯಾನು ಬೇಕಾಯಿತು. ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಗೋಡೆಯ ಬದಿಗೆ ಕವುಚಿ ಹಾಕಿದ್ದ ಬಿಳಿ ಕ್ಯಾನೊಂದನ್ನು ನಾನೇ ತೆಗೆದುಕೊಂಡೆ. ಬಗ್ಗಿ ನೋಡಿದೆ, ಒಣಗಿತ್ತು. ಒಳಗೆ ಬೆರಳು ಹಾಕಿ ಉಜ್ಜಿದ್ದರೆ —

ಉಜ್ಜಲಿಲ್ಲ. ಅದು ರಬ್ಬರ್ ಹಾಲಿನ ಕ್ಯಾನು. ಒಳಗೆ ರಬ್ಬರಿನ ತೆಳ್ಳಗಿನ ಪೊರೆ ಒಣಗಿ ಹಿಡಿದಿತ್ತು. ಸೂಜಿ ಬರುವವರೆಗೆ ಮೂರು ದಿನ ಪೆಟ್ರೋಲು ಅದರಲ್ಲೇ ಇತ್ತು. ಮತ್ತೆ ಬಂದು ಸೂಜಿ ಹಾಕಿ, ಅದೇ ಪೆಟ್ರೋಲನ್ನು ಟ್ಯಾಂಕಿಗೆ ಸುರಿದೆ. ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ನೀವು ನಕ್ಕು, ನಿನ್ನ ಕೈಯಲ್ಲಿ ಏನೋ ಉಂಟು ಮಾರಾಯ್ತಿ ಅಂದಿರಿ.

ನಾಲ್ಕನೇ ದಿನ ಏರಿನ ನಡುವೆ ಇಂಜಿನ್ ಸತ್ತಿತು. ಗಾಡಿ ಹಿಂದಕ್ಕೆ ಜಾರಿತು. ನೀವು ಹೇಗೋ ತಿರುಗಿಸಿ ದಾರಿ ಬದಿಯ ಮಣ್ಣಿನ ದರೆಗೆ ಒರಗಿಸಿ ಉಳಿದುಕೊಂಡಿರಿ, ಮೊಣಕೈ ತರಚಿತು. ಬೆಳಗಿನ ಹಾಲೆಲ್ಲ ಚೆಲ್ಲಿ ದಾರಿಯುದ್ದಕ್ಕೂ ಬೆಳ್ಳಗೆ ಹರಿದಿತ್ತು. ನಾನು ಬಂದು ಕಾರ್ಬುರೇಟರಿನ ಕೆಳಗಿನ ಬಟ್ಟಲು ಬಿಚ್ಚಿದೆ. ಮೂಗಿಗೆ ಮೊದಲು ಬಡಿದದ್ದು ಪಂಚರ್ ಸೊಲ್ಯೂಶನ್ನಿನ ವಾಸನೆ. ತಳದ ಅಂಟನ್ನು ಎರಡು ಬೆರಳ ನಡುವೆ ಹಿಡಿದು ಎಳೆದೆ — ನೂಲು ಬಂತು. ರಬ್ಬರು ಪೆಟ್ರೋಲಿನಲ್ಲಿ ಕರಗಿದರೆ ಆಗುವುದೇ ಆ ಸೊಲ್ಯೂಶನ್. ಎಂಟನೇ ವಯಸ್ಸಿನಿಂದ ಸೈಕಲ್ ಟ್ಯೂಬಿಗೆ ಹಚ್ಚುತ್ತ ಬಂದವಳು ನಾನು. ಆ ಬಿಳಿ ಕ್ಯಾನು ಕಣ್ಣ ಮುಂದೆ ಬಂತು.

ಜಯರಾಮಣ್ಣ ಬೆನ್ನ ಹಿಂದೆ ನಿಂತು, ಏನು ವಿಷಯ ಅಂತ ಕೇಳಿದರು. ಮರ ಕೆತ್ತಿ ಹಾಲು ತೆಗೆಯುವ ಟ್ಯಾಪಿಂಗಿನವರೆಲ್ಲ ಸುತ್ತ ನಿಂತಿದ್ದರು. ನೀವು ಮೊಣಕೈಗೆ ಬಟ್ಟೆ ಒತ್ತಿಕೊಂಡು ಕಲ್ಲಿನ ಮೇಲೆ ಕೂತಿದ್ದಿರಿ. ನೀವು ರಬ್ಬರಿನಲ್ಲೇ ಬದುಕಿದವರು — ಎರಡು ಹೆಜ್ಜೆ ಹತ್ತಿರ ಬಂದಿದ್ದರೆ ನಿಮ್ಮ ಮೂಗಿಗೂ ಗೊತ್ತಾಗುತ್ತಿತ್ತು. ಅದಕ್ಕೇ ನಾನು ಬಟ್ಟಲನ್ನು ತಟ್ಟನೆ ಒರೆಸಿಬಿಟ್ಟೆ. ಒರೆಸಿದ ಮೇಲೆ ಹೇಳಿದೆ:

"ಪೆಟ್ರೋಲಿಗೆ ಏನೋ ಬೆರೆಸಿದ್ದಾರೆ. ತರುವವರನ್ನು ಕೇಳಿ."

ತರುವವರು ನೀವೊಬ್ಬರೇ. ನೀವು ಎದ್ದು ನಿಂತಿರಿ. ದನಿ ಏರಿಸಲಿಲ್ಲ. ದೈವದ ಕಲ್ಲು ಮುಟ್ಟಿ ಹೇಳ್ತೇನೆ, ನಾನು ಏನೂ ಬೆರೆಸಿಲ್ಲ ಅಂದಿರಿ. ನಮ್ಮ ಊರಲ್ಲಿ ಅದಕ್ಕಿಂತ ಮೇಲಿನ ಮಾತಿಲ್ಲ. ಒಬ್ಬ ಆಣೆಗೆ ನಿಂತನೆಂದರೆ ಎದುರಿನವನು ಹತ್ತು ಸಲ ಯೋಚಿಸುತ್ತಾನೆ. ಜಯರಾಮಣ್ಣ ಯೋಚಿಸಲಿಲ್ಲ.

"ಮೆಕ್ಯಾನಿಕ್ಕೇ ಹೇಳಿದ ಮೇಲೆ ಆಣೆ ಯಾಕೆ ಶೀನ?"

ಆ ಮಾತು ನನಗೆ ಈಗಲೂ ಕೇಳುತ್ತದೆ. ಅಷ್ಟು ವರ್ಷ ನನ್ನ ಮಾತಿಗೆ ಬೆಲೆ ಬರಲಿ ಅಂತ ಹಲ್ಲು ಕಚ್ಚಿ ದುಡಿದಿದ್ದೆ. ಇಂಜಿನ್ ವಿಷಯದಲ್ಲಿ ಹೆಂಗಸಿನ ಮಾತನ್ನು ಗಂಡಸೊಬ್ಬ ಮರುಪ್ರಶ್ನೆ ಇಲ್ಲದೆ ಒಪ್ಪಿದ್ದು ಅವತ್ತೇ ಮೊದಲು. ದೈವದ ಕಲ್ಲಿಗಿಂತ ಮೇಲಿಟ್ಟ. ಆ ನನ್ನ ಮಾತೋ ಶುದ್ಧ ಸುಳ್ಳಾಗಿತ್ತು. ಹೆದರಿಕೆ ಇತ್ತು, ನಿಜ — ಆದರೆ ಹೆದರಿಕೆಯ ಪಕ್ಕದಲ್ಲೇ ಒಂದು ಸಣ್ಣ ಖುಷಿಯೂ ಇತ್ತು, ಶೀನಣ್ಣ. ಅದನ್ನು ಬರೆಯದೆ ಬಿಟ್ಟರೆ ಈ ಕಾಗದ ಬರೆದು ಪ್ರಯೋಜನವಿಲ್ಲ.

ನೀವು ಕೆಲಸ ಬಿಟ್ಟಿರಿ. ಬಿಡಿಸಿದ್ದು ಅಂತಲೇ ಹೇಳಬೇಕು. ಆ ಊರಿನ ಅರ್ಧ ಮನೆಗಳ ಹುಲ್ಲು ಕತ್ತರಿಸುವ ಮಿಷನ್ನಿಗೆ ಪೇಟೆಯಿಂದ ಪೆಟ್ರೋಲು ತಂದುಕೊಡುತ್ತಿದ್ದವರು ನೀವು. ಆಮೇಲೆ ನಿಮ್ಮ ಕೈಗೆ ಯಾರೂ ಕ್ಯಾನು ಕೊಡಲಿಲ್ಲವಂತೆ. ಬೆಳ್ತಂಗಡಿ ಕಡೆ ಕೆಂಪುಕಲ್ಲು ಕಡಿಯುವ ಕೋರೆಯಲ್ಲಿ ಲೋಡಿಂಗಿಗೆ ಹೋಗುತ್ತೀರೆಂದು ಕೇಳಿದೆ. ಅಷ್ಟಕ್ಕೇ ಮುಗಿಯಲಿಲ್ಲ. ಮೂಡುಬಿದಿರೆಯ ಗ್ಯಾರೇಜುಗಳಲ್ಲಿ ಜೆಟ್ ಕಟ್ಟಿದ ಗಾಡಿ ಬಂದರೆ 'ಶೀನನ ಪೆಟ್ರೋಲಾ?' ಅನ್ನುವುದು ತಮಾಷೆಯಾಯಿತು. ಆ ಮಾತು ಹುಟ್ಟಿಸಿದ್ದು ಯಾರೋ ಗೊತ್ತಿಲ್ಲ. ಮೊದಲ ಸಲ ಕೇಳಿದಾಗ ನಾನೂ ಎಲ್ಲರ ಜೊತೆ ನಕ್ಕಿದ್ದೆ.

ಹೋದ ತಿಂಗಳು ಒಬ್ಬಳು ಹುಡುಗಿ ಹಳೇ ಸ್ಕೂಟರನ್ನು ತಳ್ಳಿಕೊಂಡು ಬಂದಳು. ಅಲ್ಲೇ ನಿಂತಿದ್ದ ರಿಕ್ಷಾದವನೊಬ್ಬ, ಏನು ತಂಗಿ, ಶೀನನ ಪೆಟ್ರೋಲು ಹಾಕಿದ್ದಾ ಅಂತ ನಗಾಡಿದ. ನಾನು ಪ್ಲಗ್ ಬಿಚ್ಚಿ ತೊಳೆದು ಹಾಕುವವರೆಗೂ ಹುಡುಗಿ ಕೈಕಟ್ಟಿ ನಿಂತಳು. ಹೆಸರು ಕೇಳಿದೆ. "ದೀಪ್ತಿ," ಅಂದಳು, ಆಮೇಲೆ ರಿಕ್ಷಾದವನ ಕಡೆ ನೋಡಿ ಸೇರಿಸಿದಳು, "ನಾರಾವಿ ಶೀನನ ಮಗಳು."

ಮುಖದಲ್ಲಿ ನಾಚಿಕೆ ಇರಲಿಲ್ಲ. ಆ ಹೆಸರನ್ನು ಅವಳು ಅಡಗಿಸಲಿಲ್ಲ. ಅಡಗಿಸಿದ್ದು ನಾನು, ಇಷ್ಟು ವರ್ಷ.

ಮರುದಿನ ನಾರಾವಿಗೆ ಹೋಗಿ ಜಯರಾಮಣ್ಣನಿಗೆ ಎಲ್ಲವನ್ನೂ ಹೇಳಿದೆ. ಅವರು, ಆಗಿಹೋದದ್ದನ್ನು ಈಗ ಕೆದಕಿ ಏನು, ನಿನ್ನ ಗ್ಯಾರೇಜಿಗೇ ಪೆಟ್ಟು ಅಂದರು. ಬೀಳಲಿ ಪೆಟ್ಟು. ಗಿರಾಕಿಗಳು ಬೇರೆ ಕಡೆ ಹೋಗುತ್ತಾರಾ, ಹೋಗಲಿ. ಹೆಂಗಸಿನ ಕೈಗೆ ಇಂಜಿನ್ ಕೊಟ್ಟರೆ ಹೀಗೆಯೇ ಅಂತ ಹೇಳಲು ಕಾದು ಕೂತವರಿದ್ದಾರೆ. ಅವರಿಗೆ ನನ್ನದೊಂದು ಉತ್ತರವುಂಟು. ಕ್ಯಾನು ಉಜ್ಜದೆ ತಪ್ಪು ಮಾಡಿದ್ದು ಮೆಕ್ಯಾನಿಕ್, ಅಂಥ ತಪ್ಪು ಮಾಡದ ಗಂಡಸು ಮೆಕ್ಯಾನಿಕ್ ಇದ್ದರೆ ಬರಲಿ, ನೋಡುವ. ಸುಳ್ಳು ಹೇಳಿದ್ದು ಮಾತ್ರ ವಿಮಲ. ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ, ಹುಡುಕುವುದೂ ಇಲ್ಲ.

ಗಾಡಿ ಜಾರಿದ ದಿನ ತೆಗೆದ ಜೆಟ್ಟನ್ನು ನಾನು ಬಿಸಾಡಿರಲಿಲ್ಲ. ಯಾಕೆ ಇಟ್ಟುಕೊಂಡೆನೋ — ಪೌಡರಿನ ಖಾಲಿ ಡಬ್ಬಿಯಲ್ಲಿ ಇತ್ತು, ತೂತಿನಲ್ಲಿ ರಬ್ಬರು ಹಾಗೇ ಗಟ್ಟಿಯಾಗಿ. ಈಗ ಅದನ್ನು ಗ್ಯಾರೇಜಿನ ಬಾಗಿಲ ಪಕ್ಕ ಮೊಳೆಗೆ ಕಟ್ಟಿ, ಕೆಳಗೆ ಬಣ್ಣದಲ್ಲಿ ಬರೆದಿದ್ದೇನೆ: 'ನಾರಾವಿ ಎಸ್ಟೇಟಿನ ಗಾಡಿ ಕೆಡಿಸಿದ್ದು ನಾನು. ಶೀನಣ್ಣ ಅಲ್ಲ. — ವಿಮಲ.' ಅಪ್ಪ ಯಾರಿಂದಲೋ ಓದಿಸಿಕೊಂಡರು. ಆವತ್ತಿನಿಂದ ನನ್ನ ಹತ್ತಿರ ಮಾತಾಡಿಲ್ಲ.

ಬರುವ ಆದಿತ್ಯವಾರ ಬೆಳಿಗ್ಗೆ, ಟ್ಯಾಪಿಂಗಿನವರೆಲ್ಲ ಹಾಲು ತೂಗಿಸಲು ಶೆಡ್ಡಿಗೆ ಬರುವ ಹೊತ್ತಿಗೆ ನಾನಲ್ಲಿ ಇರುತ್ತೇನೆ. ಅವತ್ತು ನಿಂತವರ ಎದುರೇ, ಅವತ್ತಿನಷ್ಟೇ ದೊಡ್ಡದಾಗಿ, ತುಳುವಿನಲ್ಲೇ ಹೇಳುತ್ತೇನೆ. ನೀವು ಬರಬೇಕೆಂದಿಲ್ಲ. ಕ್ಷಮಿಸಿ ಅಂತ ನಾನು ಕೇಳುವುದಿಲ್ಲ. ಕೇಳಿದರೆ ನಿಮ್ಮ ಮೇಲೆ ಇನ್ನೊಂದು ಭಾರ ಹೇರಿದ ಹಾಗೆ.

ನಿನ್ನೆ ಒಬ್ಬ ಬೈಕು ತಂದ, ಜೆಟ್ ಕಟ್ಟಿತ್ತು. ಅಭ್ಯಾಸಬಲದಿಂದ, ಶೀನನ ಪೆಟ್ರೋಲಾ ಅಂತ ಅವನೇ ಕೇಳಿದ. ನಾನು ಸ್ಪ್ಯಾನರ್ ಕೆಳಗಿಟ್ಟು ಬಾಗಿಲ ಪಕ್ಕ ಕೈ ತೋರಿಸಿದೆ. ಓದಿ ಬಂದು ತಲೆ ಕೆಳಗೆ ಹಾಕಿ ನಿಂತ.

"ಇನ್ನು ಮೇಲೆ ವಿಮಲಳ ಕ್ಯಾನು ಅಂತ ಹೇಳು," ಅಂದೆ. ಅವನು ಹೇಳುವವರೆಗೂ ಗಾಡಿ ಮುಟ್ಟಲಿಲ್ಲ.